ಅಮ್ಮನ ಹಗಲು ನಿದ್ದೆ

ಅವಳಿಗೆ ಡಾಕ್ಟರಮ್ಮ ಎಂದು ಹೆಸರಿಟ್ಟದ್ದು ಅವಳ ಭಾವ. ಅವಳು ಡಾಕ್ಟರೂ ಅಲ್ಲ, ಆಗುವವಳೂ ಅಲ್ಲ. ಊರಿನಲ್ಲಿದ್ದಾಗ ಒಂದು ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ಕೂತು, ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಊಟವಾದ ಮೇಲೆ ಎಂದು ಬಂದವರಿಗೆಲ್ಲ ಗಂಟಲು ಹರಿದುಕೊಂಡು ಹೇಳುತ್ತಿದ್ದವಳು. ಮೂವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಓದುವ ಹುಚ್ಚು ಹಿಡಿಯಿತು. ಅಕ್ಕ ಭಾವ ನೆಲೆಸಿದ್ದ ಪರದೇಶದ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ವಿಜ್ಞಾನ ಮತ್ತು ಸಮಾಜ ಎಂಬ ಓದಿಗೆ ಸೀಟು ಸಿಕ್ಕಿತು. ಅದು ಎಂಥ ಓದು ಎನ್ನುವುದು ಮಾತ್ರ ಮನೆಯಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ.

"ಓದಿದ ಮೇಲೆ ಸೂಜಿ ಚುಚ್ತೀಯಾ?" ಎಂದು ಭಾವ ಕೇಳಿದ್ದ.

"ಇಲ್ಲ ಭಾವ."

"ಚೀಟಿ ಬರ್ಕೊಡ್ತೀಯಾ?"

"ಅದೂ ಇಲ್ಲ. ಜನಕ್ಕೆ ಕಾಯಿಲೆ ಯಾಕೆ ಬರುತ್ತೆ, ಬಂದಾಗ ಮನೆಯವರು ಏನ್ ಮಾಡ್ತಾರೆ, ಕೈಲಾಗದೋರನ್ನ ಯಾರು ನೋಡ್ಕೋತಾರೆ, ಅದನ್ನೆಲ್ಲ ಕೇಳಿ ತಿಳ್ಕೊಳ್ಳೋದು."

"ಅಂದ್ರೆ ಕಾಯಿಲೆಯೋರ ಮನೇಲಿ ಕೂತು ಹರಟೆ ಹೊಡೆಯೋದು ಅನ್ನು. ಆಗ್ಲಿ ಬಿಡಿ ಡಾಕ್ಟ್ರಮ್ಮ, ನಮ್ಮನೇಲೂ ಒಂದು ಬೆನ್ನುನೋವಿದೆ, ಬಂದು ಕೇಳಿಸ್ಕೊಂಡು ಹೋಗಿ."

ಹೆಸರು ಅಂಟಿಕೊಂಡುಬಿಟ್ಟಿತು. ಅಕ್ಕನೂ ಹಾಗೇ ಕರೆದಳು. ನಾವೂ ಹಾಗೇ ಕರೆಯೋಣ. ಅವಳ ಮುಂದಿನ ಕಥೆಯಲ್ಲಿ ಈ ಹೆಸರು ಎಷ್ಟು ಚುಚ್ಚುತ್ತದೆಂದು ಇಟ್ಟವನಿಗೆ ಆಗ ಗೊತ್ತಿರಲಿಲ್ಲ, ಪಾಪ.

ಮನೆ ಇದ್ದದ್ದು ಉದ್ದನೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ. ಎರಡು ಕೋಣೆ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊಸ್ತಿಲಲ್ಲೇ ಕಾಯಬೇಕಾದ ಅಡುಗೆಮನೆ, ಹೊರಗೆ ದೀಪ ಆಗಾಗ ಆರಿಹೋಗುವ ಉದ್ದನೆಯ ಕಾರಿಡಾರು, ಅದರ ತುದಿಯಲ್ಲಿ ಲಿಫ್ಟು. ಭಾವ ನಸುಕಿನಲ್ಲೇ ಎದ್ದು ಅಂಗಡಿಯ ಮಂಚ, ಬೀರು, ಮೇಜುಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಮನೆಮನೆಗೆ ಮುಟ್ಟಿಸುತ್ತಿದ್ದ. ಮಧ್ಯಾಹ್ನ ಸೊಂಟ ಹಿಡಿದುಕೊಂಡು ಬರುತ್ತಿದ್ದ. ಅಕ್ಕ ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುತ್ತಿದ್ದಳು. ಹಬೆಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಮಾಡಿ ಅವಳ ಮುಂಗೈ ಚರ್ಮ ಕೆಂಪಗೆ ಗಡಸಾಗಿತ್ತು. ಅವಳು ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಮಕ್ಕಳಿರಲಿಲ್ಲ. ಅಮ್ಮ ಇದ್ದಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಕರೆಸಿಕೊಂಡದ್ದು ಅಕ್ಕ. ಮೊದಮೊದಲು ಚೆನ್ನಾಗಿಯೇ ಇದ್ದಳು. ಆಮೇಲೆ ಒಂದೊಂದಾಗಿ ಕೈತಪ್ಪತೊಡಗಿತು. ಉಪ್ಪಿನ ಡಬ್ಬಿಯನ್ನು ಬಟ್ಟೆಯ ಬೀರುವಿನಲ್ಲಿ ಇಡುವಳು. ಊಟ ಮಾಡಿ ಕೈ ತೊಳೆದು ಬಂದು, "ಯಾಕ್ರೇ, ಇವತ್ತು ಯಾರೂ ಊಟಕ್ಕೆ ಕರೆಯೋದೇ ಇಲ್ವಾ?" ಎಂದು ಕೇಳುವಳು. ಅದನ್ನೆಲ್ಲ ನಗುತ್ತಲೇ ನಿಭಾಯಿಸಿದರು. ನಗು ನಿಂತದ್ದು ಅಮ್ಮ ಹೊರಗೆ ಹೋಗಲು ಶುರುಮಾಡಿದಾಗ. ಮನೆಗೆ ಹೋಗಬೇಕು ಎನ್ನುವಳು. ಇದೇ ಮನೆ ಎಂದರೆ, ಇದ್ಯಾವ ಪೆದ್ದ ಎಂಬಂತೆ ಮುಖ ನೋಡುವಳು.

ಡಾಕ್ಟರಮ್ಮ ಓದಲು ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅಮ್ಮ ಲಿಫ್ಟು ಹತ್ತಿಬಿಟ್ಟಳು. ಒದ್ದೆ ತಲೆಯಲ್ಲೇ ಇಳಿದು ಓಡಿದವಳಿಗೆ ಕಂಡದ್ದು ಇದು: ಕಟ್ಟಡದ ಮುಂದಿನ ಹೆದ್ದಾರಿಯ ನಟ್ಟನಡುವೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಅಮ್ಮ, ಅವಳಿಂದ ಒಂದು ಮಾರು ದೂರದಲ್ಲಿ ಕಿರ್ರೆಂದು ನಿಂತ ಲಾರಿ. ಅಮ್ಮ ಲಾರಿಯ ಡ್ರೈವರನಿಗೆ ಅಚ್ಚಕನ್ನಡದಲ್ಲಿ, "ನಮ್ಮನೆ ಕಡೆಗೆ ಹೋಗ್ತೀಯೇನಪ್ಪಾ?" ಎಂದು ಕೇಳುತ್ತಿದ್ದಳು. ಡ್ರೈವರನ ಮುಖ ಬಿಳಚಿಕೊಂಡಿತ್ತು.

ಅಂದು ಸಂಜೆ ಮೂವರೂ ಕೂತು ಪಾಳಿ ಮಾಡಿಕೊಂಡರು. ಬೆಳಿಗ್ಗೆ ಡಾಕ್ಟರಮ್ಮನದು, ಮಧ್ಯಾಹ್ನ ಭಾವನದು, ಸಂಜೆಯಿಂದ ಬೆಳಗಿನ ತನಕ ಅಕ್ಕನದು. ಅಮ್ಮನನ್ನು ಯಾವುದೋ ವೃದ್ಧರ ಮನೆಗೆ ಸೇರಿಸುವ ಮಾತನ್ನು ಅಕ್ಕ ಬಾಯಿಂದ ಹೊರಗೆ ಬರಲೂ ಬಿಡಲಿಲ್ಲ. "ಅವಳ ಭಾಷೆ ಬಾರದೋರ ಕೈಗೆ ಅವಳನ್ನ ಕೊಟ್ಟು ನಾನು ಅನ್ನ ತಿನ್ಲಾ?" ಎಂದಳು.

ಅವರ ಸಂಸಾರದ ಒಂದು ಗುಣ ಇಲ್ಲಿ ಹೇಳಲೇಬೇಕು. ತನ್ನ ಕಷ್ಟ ಇನ್ನೊಬ್ಬರಿಗೆ ಗೊತ್ತಾಗದಂತೆ ನೋಡಿಕೊಳ್ಳುವುದನ್ನೇ ಆ ಮನೆಯಲ್ಲಿ ಪ್ರೀತಿ ಎಂದುಕೊಂಡಿದ್ದರು. ಅಕ್ಕ ಜ್ವರ ಬಂದರೂ ತುಟಿ ಪಿಟಕ್ಕೆನ್ನದೆ ಕೆಲಸಕ್ಕೆ ಹೋಗುವಳು. ಭಾವ ಬೆನ್ನು ಹಿಡಿದ ದಿನ ಬಾಗಿಲಲ್ಲೇ ಸಿಳ್ಳೆ ಹಾಕುತ್ತ ಬರುವನು, ನೋವಿಲ್ಲ ಎಂದು ತೋರಿಸಲಿಕ್ಕೆ. ಡಾಕ್ಟರಮ್ಮ ಮೊದಲ ಪರೀಕ್ಷೆಯ ಒಂದು ಪತ್ರಿಕೆಯಲ್ಲಿ ಡುಮ್ಕಿ ಹೊಡೆದದ್ದನ್ನು ಯಾರಿಗೂ ಹೇಳದೆ ಮತ್ತೆ ಕೂತು ಪಾಸು ಮಾಡಿಕೊಂಡಿದ್ದಳು. ಹೀಗಾಗಿ ಪಾಳಿ ಶುರುವಾದ ಮೇಲೆ ಅಮ್ಮ ಹೇಗಿದ್ದಳು ಎಂದು ಒಬ್ಬರು ಕೇಳಿದರೆ, ಇನ್ನೊಬ್ಬರ ಉತ್ತರ ಯಾವಾಗಲೂ ಒಂದೇ. ಆರಾಮಾಗಿದ್ಲು, ಏನೂ ತೊಂದ್ರೆ ಕೊಡ್ಲಿಲ್ಲ.

ನಿಜವೆಂದರೆ ಡಾಕ್ಟರಮ್ಮನ ಪಾಳಿಯಲ್ಲಿ ಅಮ್ಮ ಒಂದು ಗಳಿಗೆಯೂ ಕೂರುತ್ತಿರಲಿಲ್ಲ. ಬಾಗಿಲ ಚಿಲಕ ಅಲುಗಿಸುವಳು, ಬೀರು ಬರಿದು ಮಾಡುವಳು, ಒಲೆಯ ಗುಂಡಿ ತಿರುಗಿಸುವಳು. ಪುಸ್ತಕ ತೆರೆದರೆ ಪಕ್ಕದಲ್ಲಿ ಬಂದು ನಿಂತು, "ಮರೀ, ಹೊತ್ತಾಯ್ತು, ಹೋಗೋಣ" ಎನ್ನುವಳು. ವಾರದಲ್ಲಿ ಎರಡು ಬೆಳಿಗ್ಗೆ ಕ್ಲಾಸು ಇತ್ತು. ಆ ದಿನಗಳಲ್ಲಿ ಅವಳು ಹೋಗಲೇ ಇಲ್ಲ. ಹಾಜರಿ ಕಡಿಮೆಯಾದರೆ ಸೀಟು ಹೋಗುತ್ತದೆ, ಸೀಟು ಹೋದರೆ ಆ ದೇಶದಲ್ಲಿ ಇರಲು ಕೊಟ್ಟ ಅನುಮತಿಯೂ ಹೋಗುತ್ತದೆ ಎಂದು ಆಫೀಸಿನಿಂದ ಎಚ್ಚರಿಕೆ ಬಂತು. ಅದನ್ನೂ ಅಕ್ಕನಿಗೆ ಹೇಳಲಿಲ್ಲ.

ಇಂಥ ಹೊತ್ತಿನಲ್ಲೇ ಅವಳು ತನ್ನ ಅಧ್ಯಯನಕ್ಕೆ ವಿಷಯ ಆರಿಸಿಕೊಳ್ಳಬೇಕಾಯಿತು. ಆರಿಸಿದ್ದು ವೃದ್ಧರ ಮನೆಗಳನ್ನು. ಅಲ್ಲಿ ಮುದುಕರಿಗೆ ಬೇಕಾಬಿಟ್ಟಿ ನಿದ್ದೆಯ ಔಷಧ ಕೊಟ್ಟು ಮಲಗಿಸಿಡುತ್ತಾರೆ ಎಂಬ ದೂರು ಇತ್ತು. ಯಾರು ಕೊಡುತ್ತಾರೆ, ಯಾಕೆ ಕೊಡುತ್ತಾರೆ ಎಂದು ಕೇಳಿ ಬರೆಯುವುದು ಅವಳ ಕೆಲಸ. ಅವಳ ಮೇಷ್ಟ್ರು, ಬೇಸಿಗೆಯಲ್ಲೂ ಉಣ್ಣೆಯ ಟೊಪ್ಪಿಗೆ ತೆಗೆಯದ ಮುದುಕ, ವಿಷಯ ಕೇಳಿ ಬಹಳ ಖುಷಿಪಟ್ಟರು. "ಒಂದು ಕೋಣೆ ಸದ್ದಿಲ್ಲದೆ ಇದ್ದರೆ, ಆ ಮೌನದಿಂದ ಯಾರಿಗೆ ಅನುಕೂಲ ಅಂತ ಮೊದಲು ಕೇಳಿಕೊ," ಎಂದರು. ಅವಳು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮೇಜಿನೆದುರು ಗೋಡೆಗೆ ಅಂಟಿಸಿದಳು.

ಊರಾಚೆಯ ವೃದ್ಧರ ಮನೆಯೊಂದರಲ್ಲಿ ಒಬ್ಬ ದಾದಿ ಮಾತಿಗೆ ಸಿಕ್ಕಳು. ದಪ್ಪನೆಯ ಹೆಂಗಸು, ಮಾತಾಡುವಾಗಲೂ ಕೈಗವಸು ಕಳಚಲಿಲ್ಲ. ಮೊದಲು ಹಿಂದುಮುಂದು ನೋಡಿದಳು. ಆಮೇಲೆ ಕಟ್ಟೆ ಒಡೆದಂತೆ ಹೇಳಿದಳು.

"ಒಂದು ಮಹಡಿಗೆ ನಾವಿಬ್ರು. ಒಬ್ಬರು ಬಿದ್ದರೆ ಸೊಂಟ ಮುರಿಯುತ್ತೆ, ಮುರಿದ್ರೆ ಮತ್ತೆ ಏಳಲ್ಲ. ನೀವೇ ಹೇಳಿ, ನಾನು ಎಷ್ಟು ಜನರ ಹಿಂದೆ ಓಡ್ಲಿ? ಅಂಗಡೀಲಿ ಚೀಟಿ ಇಲ್ದೆ ಸಿಗೋ ಅಲರ್ಜಿ ಮಾತ್ರೆ, ಅರ್ಧ. ಅಷ್ಟೇ. ಮಲಗಿದೋರು ಬೀಳಲ್ಲ."

ಡಾಕ್ಟರಮ್ಮ ತಲೆಯಾಡಿಸುತ್ತ ಬರೆದುಕೊಂಡಳು. ಬಸ್ಸಿನಲ್ಲಿ ಬರುವಾಗ ದಾದಿಯ ಉಳಿದ ಮಾತೆಲ್ಲ ಮರೆತುಹೋಗಿ, ಕೊನೆಯದೊಂದು ಮಾತ್ರ ತಲೆಯಲ್ಲಿ ಕೂತಿತ್ತು. ಮಲಗಿದವರು ಬೀಳುವುದಿಲ್ಲ. ಮಲಗಿದವರು ಹೆದ್ದಾರಿಗೂ ಹೋಗುವುದಿಲ್ಲ.

ಆ ಮಾತ್ರೆ ಅವಳಿಗೆ ಹೊಸದಲ್ಲ. ಔಷಧದ ಕಿಟಕಿಯಲ್ಲಿ ಕೂತು ಅದನ್ನೇ ರಾಶಿರಾಶಿ ಹಂಚಿದವಳು. ಇದು ತಗೊಂಡು ಗಾಡಿ ಓಡಿಸ್ಬೇಡಿ, ತೂಕಡಿಕೆ ಬರುತ್ತೆ ಎಂದು ಹೇಳಿ ಹೇಳಿ ನಾಲಿಗೆ ಸವೆದವಳು. ಮುಂದಿನ ಕ್ಲಾಸಿನ ದಿನ ಅರ್ಧ ಮಾತ್ರೆಯನ್ನು ಚಮಚದ ಬೆನ್ನಿನಲ್ಲಿ ಪುಡಿಮಾಡಿ ಬಿಸಿ ಹಾಲಿಗೆ ಹಾಕಿದಳು. ಅಮ್ಮ ಹಾಲು ಕುಡಿದು ಮೀಸೆ ಒರೆಸಿಕೊಂಡಂತೆ ತುಟಿ ಒರೆಸಿಕೊಂಡು, ನಕ್ಕು, ಸ್ವಲ್ಪ ಹೊತ್ತಿಗೆ ಮಗುವಿನ ಹಾಗೆ ಮಲಗಿಬಿಟ್ಟಳು. ಡಾಕ್ಟರಮ್ಮ ಹೊರಗಿನಿಂದ ಬೀಗ ಹಾಕಿ ಕ್ಲಾಸಿಗೆ ಓಡಿದಳು. ಕ್ಲಾಸಿನಲ್ಲಿ ಕೂತರೂ ಜೀವ ಬೀಗದ ಮೇಲೇ ಇತ್ತು. ಮುಗಿದ ಕೂಡಲೇ ಏದುಸಿರು ಬಿಡುತ್ತ ವಾಪಸು ಬಂದರೆ, ಅಮ್ಮ ಮಗ್ಗುಲು ಕೂಡ ಬದಲಿಸದೆ ಮಲಗಿದ್ದಳು. ಕೆನ್ನೆ ಬೆಚ್ಚಗಿತ್ತು. ಡಾಕ್ಟರಮ್ಮ ಆ ಕೆನ್ನೆಗೆ ಮುಖ ಒತ್ತಿ ಅತ್ತಳು. ನಾಚಿಕೆಗೂ ಅತ್ತಳು, ನೆಮ್ಮದಿಗೂ ಅತ್ತಳು.

ಎರಡು ಬೆಳಿಗ್ಗೆ ಇದ್ದದ್ದು ಮೂರಾಯಿತು, ಆಮೇಲೆ ದಿನವೂ ಆಯಿತು. ಓದು ಚಿಗುರಿತು. ಮೇಷ್ಟ್ರು ಅವಳ ಬರವಣಿಗೆಯನ್ನು ತರಗತಿಗೆ ಓದಿ ತೋರಿಸಿದರು. ದಾದಿಯ ಮೇಲೆ ತಪ್ಪು ಹೊರಿಸದೆ, ಆಳು ಕಡಿಮೆ ಮಾಡಿದವರ ಕಡೆ ಬೆರಳು ತೋರಿಸಿದ್ದೀಯ, ಭೇಷ್ ಎಂದರು. ತನ್ನ ಮೇಲೂ ತಪ್ಪು ಹೊರಿಸಿಕೊಳ್ಳದಿರಲು ಆ ವಾಕ್ಯ ಎಷ್ಟು ಅನುಕೂಲವಾಗಿದೆ ಎಂದು ಡಾಕ್ಟರಮ್ಮನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲೇ ಹೊಸಕಿಹಾಕಿದಳು.

ಮಾತ್ರೆ ಮುಗಿದಾಗ ಬೀದಿಯ ಮೂಲೆಯ ಔಷಧದಂಗಡಿಗೆ ಹೋದಳು. ಗಲ್ಲಾದಲ್ಲಿದ್ದ ಹುಡುಗಿ ಪೊಟ್ಟಣ ಕೊಡುತ್ತ, "ನಿಮ್ಮನೇಲಿ ಯಾರಿಗೂ ನಿದ್ದೆನೇ ಬರಲ್ವಾ?" ಎಂದು ನಕ್ಕಳು. ಡಾಕ್ಟರಮ್ಮನೂ ಹುಳ್ಳಗೆ ನಕ್ಕು, "ಅಲರ್ಜಿ" ಎಂದಳು. ಹುಡುಗಿ 'ಯಾರಿಗೂ' ಅಂದದ್ದು ಯಾಕೆ ಎಂದು ಆಗ ಹೊಳೆಯಲಿಲ್ಲ. ಕಳ್ಳತನ ಮಾಡುವವರಿಗೆ ತಮ್ಮ ಕಳ್ಳತನದ ಮೇಲೇ ಗಮನ.

ಚಳಿ ಹತ್ತಿರವಾಗುತ್ತಿದ್ದಂತೆ ಅಮ್ಮ ಬದಲಾದಳು. ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನಡೆಯುವಾಗ ಗೋಡೆ ಹಿಡಿಯುವಳು. ಚಮಚ ಬಾಯಿಯ ಹತ್ತಿರ ತಂದು, ಅಲ್ಲೇ ಮರೆತು ಕೂರುವಳು. ಡಾಕ್ಟರಮ್ಮನ ಪಾಳಿ ಮುಗಿದರೂ ಏಳುತ್ತಿರಲಿಲ್ಲ. ಮಧ್ಯಾಹ್ನ ಭಾವ ಬಂದು, "ಅತ್ತೆ ಇನ್ನೂ ಎದ್ದಿಲ್ವಾ? ಮಲಗ್ಲಿ ಬಿಡು," ಎಂದು ಬೂಟು ಬಿಚ್ಚಿ ಚಾಪೆಯ ಮೇಲೆ ಬೆನ್ನು ಚಾಚುವನು. ಒಂದು ದಿನ ಅಮ್ಮ ಡಾಕ್ಟರಮ್ಮನ ಮುಖವನ್ನೇ ಬಹಳ ಹೊತ್ತು ನೋಡಿ, "ನೀವು ಯಾರ ಪೈಕಿ?" ಎಂದು ಕೇಳಿದಳು.

ಅದೇ ವಾರ ಕ್ಲಾಸಿನಲ್ಲಿ ಇದೇ ಪಾಠ ನಡೆದಿತ್ತು. ವಯಸ್ಸಾದ ದೇಹದಿಂದ ಇಂಥ ಔಷಧ ಬೇಗ ಹೊರಗೆ ಹೋಗುವುದಿಲ್ಲ. ಒಳಗೇ ಉಳಿದು, ಮರೆವನ್ನು ಇನ್ನಷ್ಟು ದಟ್ಟ ಮಾಡುತ್ತದೆ. ನೋಡುವವರು ಕಾಯಿಲೆಯೇ ಮುಂದುವರಿಯಿತು ಎಂದುಕೊಳ್ಳುತ್ತಾರೆ. ಪಾಠ ಕೇಳುತ್ತಿದ್ದವರೆಲ್ಲ ಬರೆದುಕೊಳ್ಳುತ್ತಿದ್ದರು. ಅವಳೊಬ್ಬಳೇ ಪೆನ್ನು ಕೆಳಗಿಟ್ಟು ಕೂತಿದ್ದಳು. ಮರುದಿನದಿಂದ ಅರ್ಧವನ್ನು ಕಾಲು ಮಾಡಿದಳು. ಅಮ್ಮನ ನಿದ್ದೆ ಕಾಲುಭಾಗವೂ ಕಡಿಮೆಯಾಗಲಿಲ್ಲ. ಕಾಲು ಮಾತ್ರೆಗೆ ಇಷ್ಟು ನಿದ್ದೆ ಬರಬಾರದು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಇದು ಕಾಯಿಲೆಯೇ ಇರಬೇಕು ಎಂದು ಅವಳು ಬಯಸಿದಳು. ಹೆತ್ತ ತಾಯಿಯ ಕಾಯಿಲೆ ಹೆಚ್ಚಾಗಿರಲಿ ಎಂದು ಬಯಸುವ ಸ್ಥಿತಿಗೆ ಬಂದಿದ್ದಳು.

ಅಕ್ಕನೇ ಡಾಕ್ಟರ ಹತ್ತಿರ ಹೋಗೋಣ ಎಂದಳು. ಮೂವರೂ ರಜೆ ಹಾಕಿ ಅಮ್ಮನನ್ನು ಕರೆದೊಯ್ದರು. ಡಾಕ್ಟರು ಎಳೆಯ ವಯಸ್ಸಿನವರು, ತಾಳ್ಮೆಯವರು. ಅಮ್ಮನ ಕಣ್ಣಿಗೆ ಬೆಳಕು ಬಿಟ್ಟರು, ಕೈ ಹಿಸುಕಿದರು. ಆಮೇಲೆ ಕುರ್ಚಿ ತಿರುಗಿಸಿ ಕೇಳಿದರು.

"ಇವರಿಗೆ ನಿದ್ದೆ ಬರಿಸುವಂಥದ್ದು ಏನಾದರೂ ಕೊಡ್ತಿದ್ದೀರಾ? ಮಾತ್ರೆ, ಸಿರಪ್ಪು, ಏನಾದರೂ?"

"ಇಲ್ಲ," ಎಂದಳು ಡಾಕ್ಟರಮ್ಮ.

"ಇಲ್ಲ," ಎಂದಳು ಅಕ್ಕ, ಅದೇ ಉಸಿರಿನಲ್ಲಿ.

ಬಾಗಿಲ ಹತ್ತಿರ ನಿಂತಿದ್ದ ಭಾವ ಗಂಟಲು ಸರಿಮಾಡಿಕೊಂಡು, ಗೋಡೆಯ ಮೇಲಿದ್ದ ಎಲುಬಿನ ಚಿತ್ರ ನೋಡತೊಡಗಿದ. ಹಾಗಾದರೆ ಕಾಯಿಲೆ ಬೇಗ ಮುಂದುವರಿದಿದೆ, ತಲೆಯ ಚಿತ್ರ ತೆಗೆಸಲು ಬರೆದುಕೊಡುತ್ತೇನೆ, ಸರದಿ ಬರುವುದು ತಡವಾಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಅಮ್ಮ ಅಷ್ಟರಲ್ಲಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ವ್ಯಾನಿನಲ್ಲಿ ಮನೆಗೆ ಬರುವಾಗ ಭಾವ ಸಿಳ್ಳೆ ಹಾಕಲಿಲ್ಲ.

ಆವತ್ತೇ ಡಾಕ್ಟರಮ್ಮ ಉಳಿದ ಪೊಟ್ಟಣವನ್ನು ಚೀಲದ ತಳಕ್ಕೆ ತಳ್ಳಿ, ಕೊಡುವುದನ್ನು ಪೂರ್ತಿ ನಿಲ್ಲಿಸಿದಳು. ಇನ್ನು ಅಮ್ಮ ಏಳುತ್ತಾಳೆ, ಬಾಗಿಲು ಅಲುಗಿಸುತ್ತಾಳೆ, ಮರೀ ಎನ್ನುತ್ತಾಳೆ ಎಂದು ಕಾದಳು. ಬೆಳಗಿನ ಹೊತ್ತು ಅಮ್ಮ ಸ್ವಲ್ಪ ಮಿಸುಕಾಡಿದಳು, ಒಂದೆರಡು ಸಲ ಎದ್ದು ಕೂತಳು. ಅಷ್ಟೇ. ಮಧ್ಯಾಹ್ನ ಮತ್ತೆ ಮಂಕು. ಕೆಲವು ದಿನ ಕಳೆದ ಮೇಲೆ ಮಂಕು ಕಡಿಮೆಯಾಗುವ ಬದಲು ಹೆಚ್ಚಾಯಿತು. ಏನೂ ಕೊಡದಿದ್ದರೂ ಹೀಗೆ ಎಂದರೆ ಏನರ್ಥ?

ಅರ್ಥ ಒಂದು ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಸಿಕ್ಕಿತು. ಅಕ್ಕ ಬೆನ್ನು ಮಾಡಿ ನಿಂತು ಅಮ್ಮನ ಹಾಲು ಕಲಕುತ್ತಿದ್ದಳು. ಅಮ್ಮ ಸಕ್ಕರೆ ಹಾಕಿಕೊಳ್ಳುವವಳಲ್ಲ. ಆದರೂ ಚಮಚ ಲೋಟದಲ್ಲಿ ಸುತ್ತುತ್ತಲೇ ಇತ್ತು. ಅಕ್ಕನ ಭುಜ ಒಂದು ರೀತಿ ಮುದುಡಿಕೊಂಡಿತ್ತು. ಆ ಭುಜದ ಮುದುಡು ಡಾಕ್ಟರಮ್ಮನಿಗೆ ಚೆನ್ನಾಗಿ ಗೊತ್ತು, ಅವಳೂ ಬೆಳಗಿನ ಹೊತ್ತು ಅದೇ ಜಾಗದಲ್ಲಿ ಹಾಗೇ ನಿಲ್ಲುತ್ತಿದ್ದಳು.

"ಏನಕ್ಕಾ ಅದು?"

"ಏನೂ ಇಲ್ಲ ಕಣೇ, ಕೆನೆ ಕಟ್ಟಿತ್ತು," ಎಂದಳು ಅಕ್ಕ, ತಿರುಗದೆ.

ಕೇಳಿಬಿಡಬೇಕಾಗಿತ್ತು. ಕೇಳಲಿಲ್ಲ. ಕೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ಅಕ್ಕ ತಿರುಗಿ ಕೇಳುತ್ತಾಳೆ. ಮೂರು ದಿನದಲ್ಲಿ ಸೆಮಿನಾರ್ ಇತ್ತು. ವರ್ಷವಿಡೀ ಮಾಡಿದ ಕೆಲಸವನ್ನು ವಿಭಾಗದ ಎಲ್ಲರೆದುರು ಹೇಳಿ ಒಪ್ಪಿಸಬೇಕು, ಪಾಸೋ ಫೇಲೋ ಅಲ್ಲೇ ತೀರ್ಮಾನ. ಅದೊಂದು ಮುಗಿಯಲಿ, ಅದೇ ಸಂಜೆ ಅಕ್ಕನ ಕಾಲು ಹಿಡಿದು ಎಲ್ಲ ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು.

ಸೆಮಿನಾರಿನ ಬೆಳಿಗ್ಗೆ ಅಮ್ಮ ಎದ್ದು ಕೂತಿದ್ದಳು. ಕೂತಲ್ಲೇ ಓಲಾಡುತ್ತಿದ್ದಳು, ನಿಜ, ಆದರೆ ಎರಡು ಸಲ ಬಾಗಿಲ ಕಡೆ ನೋಡಿ, "ಮನೆ..." ಎಂದಳು. ಡಾಕ್ಟರಮ್ಮನ ಕಣ್ಣ ಮುಂದೆ ಲಾರಿ ಬಂದು ನಿಂತಿತು. ಬೀಗ ಹಾಕಿ ಹೋದರೆ ಒಲೆಯಿದೆ. ಕಿಟಕಿಯಿದೆ, ನಾಲ್ಕನೆಯ ಮಹಡಿಯ ಕಿಟಕಿ. ಅಕ್ಕ ಸಂಜೆ ಕೊಟ್ಟದ್ದು ಇಷ್ಟು ಹೊತ್ತಿಗೆ ಇಳಿದಿರುತ್ತದೆ, ಇದೊಂದೇ ದಿನ ಎಂದು ಲೆಕ್ಕ ಹಾಕಿದಳು. ಚೀಲದ ತಳದಿಂದ ಪೊಟ್ಟಣ ತೆಗೆದಳು. ಕಾಲು ಸಾಲದೇನೋ ಎನ್ನಿಸಿ ಅರ್ಧ ಹಾಕಿದಳು. ಅವಳು ತಿಳಿಯದೆ ಮಾಡಿದಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಊರಿನಲ್ಲಿ ಅದು ತಪ್ಪೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಹೆಚ್ಚು ಜನ ಇರಲಿಲ್ಲ.

ಅಮ್ಮ ಹಾಲು ಕುಡಿಯಲು ಬಹಳ ಹೊತ್ತು ತೆಗೆದುಕೊಂಡಳು. ಮಲಗಿಸಿ, ಹೊದಿಸಿ, ಬೀಗ ಹಾಕಿ, ಬಸ್ಸು ಹಿಡಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಳ್ಳೋಣ ಎಂದು ಮೊದಲ ಸಾಲು ನೆನೆದಳು. ಮುದುಕರನ್ನು ಮಲಗಿಸುವ ಕೈ ಕ್ರೂರ ಕೈಯಾಗಿರಬೇಕಿಲ್ಲ, ದಣಿದ ಕೈ ಸಾಕು. ಎರಡನೆಯ ಸಾಲು ಬರಲಿಲ್ಲ. ಬದಲಿಗೆ ಹೊದಿಸುವಾಗ ಕಂಡ ಅಮ್ಮನ ತುಟಿ ನೆನಪಾಯಿತು. ಆ ಬಣ್ಣ ಸರಿಯಿರಲಿಲ್ಲ. ಆಗಲೇ ಕಂಡಿತ್ತು. ಕಂಡದ್ದನ್ನು ಕಣ್ಣು ತಲೆಗೆ ಮುಟ್ಟಿಸಿರಲಿಲ್ಲ, ಅಥವಾ ತಲೆ ಬೇಡವೆಂದಿತ್ತು.

ಮುಂದಿನ ನಿಲ್ದಾಣದಲ್ಲಿ ಇಳಿದು ಓಡಿದಳು. ಲಿಫ್ಟು ಕೆಳಗೆ ಬರುವವರೆಗೆ ಕಾಯಲಾರದೆ ಮೆಟ್ಟಿಲು ಹತ್ತಿದಳು. ಬೀಗ ತೆಗೆದಳು. ಒಳಗೆ ಅಮ್ಮ ಹಾಗೇ ಮಲಗಿದ್ದಳು, ಹೊದಿಕೆ ಕೂಡ ಕದಲಿರಲಿಲ್ಲ. ಕೂಗಿದರೆ ಇಲ್ಲ, ಅಲುಗಿಸಿದರೆ ಇಲ್ಲ. ಉಸಿರು ಇತ್ತು. ಒಂದು ಉಸಿರು ಹೋಗಿ ಇನ್ನೊಂದು ಬರುವ ತನಕ ಡಾಕ್ಟರಮ್ಮನಿಗೆ ಒಂದು ಜನ್ಮ ಕಳೆದಂತಾಗುತ್ತಿತ್ತು. ಆಂಬುಲೆನ್ಸಿನವರು ಬಂದಾಗ ಅವಳು ಅಮ್ಮನ ಕೆನ್ನೆ ತಟ್ಟುತ್ತ, ಏಳಮ್ಮಾ, ಮನೆಗೆ ಹೋಗೋಣ, ಏಳಮ್ಮಾ ಎಂದು ಒಂದೇ ಸಮನೆ ಹೇಳುತ್ತಿದ್ದಳು.

ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅಕ್ಕ ಕೆಲಸದ ಏಪ್ರನ್ನಿನಲ್ಲೇ ಓಡಿಬಂದಳು. ಹಿಂದೆಯೇ ಭಾವ ಬಂದ. ನೆರೆಗೂದಲಿನ ಡಾಕ್ಟರೊಬ್ಬರು ಪರದೆ ಸರಿಸಿ ಹೊರಗೆ ಬಂದು ಮೂವರನ್ನೂ ನೋಡಿದರು.

"ಕೇಳಿ, ಇದು ಯಾರನ್ನೂ ಬೈಯುವ ಹೊತ್ತಲ್ಲ. ಇವರ ಹೊಟ್ಟೆಗೆ ಏನು ಹೋಗಿದೆ ಅಂತ ನನಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ನಾನು ಕುರುಡ. ಯಾರು, ಏನು ಕೊಟ್ಟಿರಿ?"

"ನಾನು ಕೊಟ್ಟೆ," ಎಂದಳು ಡಾಕ್ಟರಮ್ಮ. ಧ್ವನಿ ತನ್ನದೇ ಎಂದು ಅನ್ನಿಸಲಿಲ್ಲ. "ಅಲರ್ಜಿ ಮಾತ್ರೆ. ಬೆಳಿಗ್ಗೆ, ಅರ್ಧ." ಆಮೇಲೆ ಅಕ್ಕನ ಕಡೆ ತಿರುಗಿ, "ಅಕ್ಕಾ, ಹೇಳು. ನೀನೂ ಹೇಳಿಬಿಡು."

ಅಕ್ಕನ ಬಾಯಿ ತೆರೆದುಕೊಂಡೇ ಇತ್ತು. "ನೀನೂನಾ? ಅಯ್ಯೋ, ನಿನ್ ಓದು ಕೆಡಬಾರ್ದು ಅಂತ ಕಣೇ ನಾನು... ರಾತ್ರಿಯೆಲ್ಲ ಓಡಾಡಿ ನಿನ್ನ ಎಬ್ಬಿಸ್ತಾಳೆ ಅಂತ..." ಏಪ್ರನ್ನಿನಿಂದ ಮುಖ ಒರೆಸಿಕೊಂಡಳು. "ನಿದ್ದೆ ಸಿರಪ್ಪು. ಎರಡು ಮುಚ್ಚಳ. ಈಚೆಗೆ ಮತ್ತೆ ಏಳೋಕೆ ಶುರುಮಾಡಿದ್ಲು, ಅದಕ್ಕೇ ಮೂರು ಮಾಡ್ದೆ."

ತಾನು ನಿಲ್ಲಿಸಿದ್ದಕ್ಕೇ ಅಮ್ಮ ಎದ್ದದ್ದು, ಅಮ್ಮ ಎದ್ದದ್ದಕ್ಕೇ ಅಕ್ಕ ಹೆಚ್ಚು ಮಾಡಿದ್ದು. ಡಾಕ್ಟರು ಒಳಗಿದ್ದವರಿಗೆ ಏನೋ ಕೂಗಿ ಹೇಳಿ, ಮತ್ತೆ ತಿರುಗಿದರು.

"ಇವೆರಡರಿಂದ ಉಸಿರು ಇಷ್ಟು ಇಳಿಯೋದು ಕಷ್ಟ. ಬೇರೆ ಏನೋ ಇದೆ. ಮನೆಯಲ್ಲಿ ಇನ್ನು ಯಾರಿದ್ದೀರಿ?"

ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ತಿರುಗಿದರು. ಭಾವ ಟೋಪಿ ತೆಗೆದು ಕೈಯಲ್ಲಿ ಮುದ್ದೆ ಮಾಡುತ್ತಿದ್ದ. ಆ ದೊಡ್ಡ ಗಾತ್ರದ ಮನುಷ್ಯ ಗೋಡೆಗೆ ಒರಗಿ, ಹಾಗೇ ಕುಸಿದು ಕುಕ್ಕರುಗಾಲಲ್ಲಿ ಕೂತ.

"ನನ್ನ ಬೆನ್ನಿನ ಮಾತ್ರೆ," ಎಂದ. "ಮಧ್ಯಾಹ್ನ. ಮೊದಲು ಅರ್ಧ ಕೊಡ್ತಿದ್ದೆ, ಈಗ ಒಂದು. ನೀವಿಬ್ರೂ ಸೋತು ಸುಣ್ಣ ಆಗಿದ್ರಿ. ಸಂಜೆ ನೀವು ಬರೋ ಹೊತ್ತಿಗೆ ಅತ್ತೆ ಶಾಂತವಾಗಿದ್ರೆ, ನಿಮಗೆ ಸ್ವಲ್ಪ... ನಾನೊಬ್ನೇ ಕೊಡ್ತಿರೋದು ಅಂದ್ಕೊಂಡಿದ್ದೆ."

ಡಾಕ್ಟರು ಒಂದು ಕ್ಷಣ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಮಾತ್ರೆಯ ಹೆಸರು ಕೇಳಿಕೊಂಡು ಒಳಗೆ ಓಡಿದರು. ಮೂವರೂ ಒಂದೇ ಬೆಂಚಿನ ಮೇಲೆ ಕೂತರು. ಯಾರಿಗೂ ಯಾರನ್ನೂ ಬೈಯುವ ಬಾಯಿ ಇರಲಿಲ್ಲ. ಪರದೆಯ ಆಚೆ ಯಂತ್ರವೊಂದು ಕೂಗುತ್ತಿತ್ತು. ಅದು ನಿಂತಾಗಲೆಲ್ಲ ಅಕ್ಕ ಡಾಕ್ಟರಮ್ಮನ ತೊಡೆಯನ್ನು ಉಗುರು ನಾಟುವಂತೆ ಹಿಡಿಯುತ್ತಿದ್ದಳು.

ಅಮ್ಮ ಉಳಿದಳು. ಎರಡು ದಿನ ಯಂತ್ರ ಅವಳಿಗಾಗಿ ಉಸಿರಾಡಿತು, ಆಮೇಲೆ ಅವಳೇ ಉಸಿರಾಡಿದಳು. ಆಸ್ಪತ್ರೆಯ ನಿಯಮದ ಪ್ರಕಾರ ವಿಚಾರಣೆಗೆ ಒಬ್ಬ ಹೆಂಗಸು ಬಂದಳು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದಳು, ಮಾತು ಬಹಳ ಮೆತ್ತಗಿತ್ತು. ಡಾಕ್ಟರಮ್ಮ ಏನು ಓದುತ್ತಿದ್ದಾಳೆಂದು ತಿಳಿದಾಗ ಅವಳ ಮುಖ ಅರಳಿತು. ತಾನೂ ಅದೇ ವಿಭಾಗದಲ್ಲಿ, ಅದೇ ಟೊಪ್ಪಿಗೆಯ ಮೇಷ್ಟ್ರ ಕೈಕೆಳಗೆ ಓದಿದವಳು ಎಂದಳು. ಆಮೇಲೆ ತಾನು ಯಾಕೆ ಬಂದಿದ್ದೇನೆಂದು ನೆನಪಾಗಿ ಮುಖ ಕೆಳಗೆ ಹಾಕಿದಳು. ಅಮ್ಮನನ್ನು ನಿಮ್ಮ ಜೊತೆ ಕಳಿಸುವುದೋ ಬೇಡವೋ ಎಂದು ಮೇಲಿನವರು ತೀರ್ಮಾನ ಮಾಡುತ್ತಾರೆ, ಅಲ್ಲಿಯವರೆಗೆ ಇಲ್ಲೇ ಇರಲಿ ಎಂದಳು. ನೋಡಲು ಬರಬಹುದು, ಆದರೆ ಕೊಡುವುದೇನಿದ್ದರೂ ನರ್ಸ್ ಎದುರಿಗೇ ಕೊಡಬೇಕು. ಡಾಕ್ಟರಮ್ಮ ತಲೆಯಾಡಿಸಿದಳು. ಸೆಮಿನಾರ್, ಸೀಟು, ಅನುಮತಿ ಇವೆಲ್ಲ ಏನಾದವೆಂದು ಆ ದಿನಗಳಲ್ಲಿ ಅವಳು ಕೇಳಿಕೊಳ್ಳಲೇ ಇಲ್ಲ.

ಔಷಧವೆಲ್ಲ ಮೈಯಿಂದ ಇಳಿದುಹೋದ ಮೇಲೆ ಒಂದು ಬೆಳಿಗ್ಗೆ ಡಾಕ್ಟರಮ್ಮ ವಾರ್ಡಿಗೆ ಹೋದಾಗ ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣು ತಿಳಿಯಾಗಿತ್ತು. ಇಷ್ಟು ತಿಳಿಯಾದ ಕಣ್ಣನ್ನು ಆ ಮನೆಯವರು ಚಳಿಗಾಲದ ಮುಂಚಿನಿಂದಲೂ ಕಂಡಿರಲಿಲ್ಲ.

"ಬಾ ಮರೀ. ಇಷ್ಟು ಸೊರಗಿದ್ದೀಯಲ್ಲ, ಅಕ್ಕ ಸರಿಯಾಗಿ ಊಟ ಹಾಕ್ತಿಲ್ವಾ?" ಎಂದಳು.

ಗುರುತು ಹಿಡಿದಿದ್ದಳು. ಕಾಯಿಲೆ ಎಂದುಕೊಂಡು ಅವರು ಹೆದರಿದ್ದರಲ್ಲಿ ಅರ್ಧ ಅವರ ಮೂವರ ಕೈಯದೇ ಆಗಿತ್ತು. ಅಮ್ಮನ ತುಟಿ ಒಣಗಿದ್ದು ಕಂಡು ಡಾಕ್ಟರಮ್ಮ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿದಳು. ನರ್ಸ್ ಅಲ್ಲೇ ನಿಂತು ನೋಡುತ್ತಿದ್ದಳು. ಅಮ್ಮ ಲೋಟ ತೆಗೆದುಕೊಂಡು, ಒಳಗೆ ಒಮ್ಮೆ ನೋಡಿ, ಒಂದು ಹನಿ ಬಿಡದೆ ಕುಡಿದಳು. ಲೋಟ ವಾಪಸು ಕೊಟ್ಟಳು. ಆಮೇಲೆ ತಾನೇ ದಿಂಬು ಕೆಳಗೆ ಸರಿಸಿ, ಮಲಗಿ, ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಯಾಕಮ್ಮಾ, ನಿದ್ದೆ ಬಂತಾ?"

"ಕುಡಿದ್ನಲ್ಲ. ಮಲಗ್ತೀನಿ. ನೀ ಹೋಗು, ಕ್ಲಾಸಿಗೆ ಹೊತ್ತಾಗುತ್ತೆ."

"ಅಮ್ಮಾ, ಅದು ಬರೀ ನೀರು ಕಣಮ್ಮಾ. ಏನೂ ಹಾಕಿಲ್ಲ. ಕಣ್ಣು ಬಿಡು."

ಅಮ್ಮ ಹೊದಿಕೆಯೊಳಗಿಂದ ಕೈ ಹೊರಗೆ ಚಾಚಿ, ಕಣ್ಣು ಮುಚ್ಚಿಕೊಂಡೇ ಮಗಳ ಕೈ ಹುಡುಕಿ ಮೆಲ್ಲಗೆ ತಟ್ಟಿದಳು.

"ಆಯ್ತು ಮರೀ. ಮಲಗ್ತೀನಿ ಅಂದ್ನಲ್ಲ."

ಮುಚ್ಚಿದ ರೆಪ್ಪೆ ಅದುರುತ್ತಿತ್ತು, ನಿದ್ದೆಯ ಗುರುತು ಎಲ್ಲೂ ಇರಲಿಲ್ಲ. ಡಾಕ್ಟರಮ್ಮ ಎದ್ದು ಹೋಗದೆ ಅಲ್ಲೇ ಕೂತಳು. ನೋಡುವ ಹೊತ್ತು ಮುಗಿಯಿತೆಂದು ನರ್ಸ್ ಬಂದು ಎಬ್ಬಿಸುವವರೆಗೂ ಕೂತಿದ್ದಳು. ಅಷ್ಟು ಹೊತ್ತೂ ಅಮ್ಮ ಕಣ್ಣು ತೆರೆಯಲಿಲ್ಲ.